ಪೊಲೀಸ್ ಮುಖ್ಯಸ್ಥರು ದಿವಾನರಾದಾಗ: ವಿ.ಪಿ. ಮಾಧವರಾಯರು

ಪ್ರೌಢಶಾಲೆಯ ಇತಿಹಾಸ ಪಾಠದಲ್ಲಿ ಮೈಸೂರಿನ ದಿವಾನರು ಬಂದಾಗ ನಾವು ಮೇಷ್ಟ್ರುಗಳು ಹೇಳುವ ಹೆಸರುಗಳು ಎಲ್ಲರಿಗೂ ಗೊತ್ತಿರುವವೇ. ರಂಗಾಚಾರ್ಲು, ಶೇಷಾದ್ರಿ ಅಯ್ಯರ್, ಅಲ್ಲಿಂದ ಒಂದೇ ನೆಗೆತಕ್ಕೆ ವಿಶ್ವೇಶ್ವರಯ್ಯ, ಆಮೇಲೆ ಮಿರ್ಜಾ ಇಸ್ಮಾಯಿಲ್. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇರುವ ನಮ್ಮ ಜಿಲ್ಲೆಯಲ್ಲಿ ವಿಶ್ವೇಶ್ವರಯ್ಯನವರ ಹೆಸರು ಹೇಳಿಕೊಡಲು ಪುಸ್ತಕವೂ ಬೇಡ. ಆದರೆ ಶೇಷಾದ್ರಿ ಅಯ್ಯರ್ ನಿವೃತ್ತರಾದದ್ದು 1901ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾದದ್ದು 1912ರಲ್ಲಿ. ನಡುವಿನ ಹನ್ನೊಂದು ವರ್ಷ ಪರೀಕ್ಷೆಗೆ ಬರುವುದಿಲ್ಲ. ಪರೀಕ್ಷೆಗೆ ಬಾರದ್ದು ಪಾಠಕ್ಕೂ ಬರುವುದಿಲ್ಲ. ಆ ಹನ್ನೊಂದು ವರ್ಷದೊಳಗೆ, 1906ರ ಜೂನ್ ಕೊನೆಯಿಂದ 1909ರ ಮಾರ್ಚ್ ಕೊನೆಯವರೆಗೆ, ಮೈಸೂರು ಸಂಸ್ಥಾನದ ಆಡಳಿತ ನಡೆಸಿದವರು ವಿಶ್ವನಾಥ ಪಾಟಣಕರ್ ಮಾಧವರಾಯರು. ಅದಕ್ಕೂ ಮುಂಚೆ ಅವರು ಇದೇ ಸಂಸ್ಥಾನದ ಪೊಲೀಸ್ ಇಲಾಖೆಯ ಮುಖ್ಯಸ್ಥರಾಗಿದ್ದವರು.

ನಮ್ಮ ಕಾಲದಲ್ಲೂ ಖಾಕಿ ಕಳಚಿ ಖಾದಿ ತೊಟ್ಟವರಿದ್ದಾರೆ. ಬೆಂಗಳೂರಿನ ಪೊಲೀಸ್ ಕಮಿಷನರ್ ಆಗಿದ್ದ ಪಿ. ಕೋದಂಡರಾಮಯ್ಯನವರು 1996ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಹೋದರು. ಸಾಂಗ್ಲಿಯಾನ ಅವರ ಹೆಸರಿನಲ್ಲಿ ಶಂಕರನಾಗ್ ನಟಿಸಿದ ಸಿನಿಮಾವೇ ಬಂದಿತ್ತು. 2004ರಲ್ಲಿ ಅವರು ಬೆಂಗಳೂರು ಉತ್ತರದಲ್ಲಿ ಜಾಫರ್ ಷರೀಫರನ್ನು ಸೋಲಿಸಿದರು. ಇವರಿಬ್ಬರೂ ಸಂಸದರಾದರೇ ಹೊರತು ಸಚಿವರಾಗಲಿಲ್ಲ. ಇನ್‌ಸ್ಪೆಕ್ಟರ್ ಆಗಿದ್ದ ಬಿ.ಸಿ. ಪಾಟೀಲರು 'ಕೌರವ'ನಾಗಿ, ಶಾಸಕರಾಗಿ, ಕೊನೆಗೆ ಕೃಷಿ ಸಚಿವರೂ ಆದರು. ಆದರೆ ಇನ್‌ಸ್ಪೆಕ್ಟರ್ ಹುದ್ದೆಗೂ ಇಡೀ ಇಲಾಖೆಯ ಮುಖ್ಯಸ್ಥನ ಹುದ್ದೆಗೂ ಬಹಳ ದೂರ. ಇಡೀ ರಾಜ್ಯದ ಪೊಲೀಸರಿಗೆ ಮೇಲಧಿಕಾರಿಯಾಗಿದ್ದವರು ಇಡೀ ರಾಜ್ಯದ ಮಂತ್ರಿಯಾಗಿ ಕುಳಿತರೆ ಏನಾಗುತ್ತದೆ ಎಂದು ನೋಡಬೇಕಾದರೆ ನೂರು ವರ್ಷಕ್ಕೂ ಹಿಂದಕ್ಕೆ, ಮಾಧವರಾಯರ ಬಳಿಗೇ ಹೋಗಬೇಕು.

ಮುಂದೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. ನಮ್ಮ ಇತಿಹಾಸದಲ್ಲಿ ಮಾಧವರಾಯರು ಮೂವರಿದ್ದಾರೆ, ಮೂವರೂ ದಿವಾನರೇ. ಮೊದಲನೆಯವರು ಸರ್ ಟಿ. ಮಾಧವರಾವ್. ತಿರುವಾಂಕೂರು, ಇಂದೋರ್, ಬರೋಡಗಳಲ್ಲಿ ದಿವಾನರಾಗಿ ಇಡೀ ದೇಶದಲ್ಲಿ ಹೆಸರಾದವರು. ಕುಂಭಕೋಣದವರು. ಎರಡನೆಯವರು ನಮ್ಮ ವಿ.ಪಿ. ಮಾಧವರಾಯರು. ಇವರೂ ಕುಂಭಕೋಣದವರೇ, ಇವರದೂ ಮರಾಠಿ ಮನೆಮಾತಿನ ಕುಟುಂಬವೇ, ಇವರೂ ತಿರುವಾಂಕೂರು ಮತ್ತು ಬರೋಡಗಳ ದಿವಾನರಾದರು. ಹೀಗಿರುವಾಗ ಗೊಂದಲವಾಗದೆ ಇನ್ನೇನಾದೀತು! ಸಾಲದ್ದಕ್ಕೆ, ಮೈಸೂರಿನಲ್ಲಿ ವಿ.ಪಿ.ಯವರ ನಂತರ ದಿವಾನರಾದ ಆನಂದರಾಯರು ಆ ಮೊದಲನೆಯ ಮಾಧವರಾಯರ ಮಗ. ಮೂರನೆಯವರು ಎನ್. ಮಾಧವರಾವ್, 1941ರಿಂದ 1946ರವರೆಗೆ ಮೈಸೂರಿನ ದಿವಾನರು, ಮುಂದೆ ಸಂವಿಧಾನದ ಕರಡು ಸಮಿತಿಯ ಸದಸ್ಯರು. ನಮ್ಮ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ 1942ರಲ್ಲಿ ಜನ ಸ್ವಾತಂತ್ರ್ಯ ಸಾರಿದ್ದು, ಅಮಲ್ದಾರ್ ಮತ್ತು ಸಬ್‌ಇನ್‌ಸ್ಪೆಕ್ಟರ್ ಹತರಾದದ್ದು, 1943ರ ಮಾರ್ಚಿಯಲ್ಲಿ ಐವರನ್ನು ಗಲ್ಲಿಗೇರಿಸಿದ್ದು ಈ ಮೂರನೆಯವರ ಕಾಲದಲ್ಲಿ. ಈಸೂರಿನ ಪಾಪವನ್ನು ವಿ.ಪಿ.ಯವರ ತಲೆಗೆ ಕಟ್ಟಬಾರದು. ಅವರ ಲೆಕ್ಕ ಬೇರೆಯೇ ಇದೆ.

ವಿ.ಪಿ. ಮಾಧವರಾಯರು ಹುಟ್ಟಿದ್ದು 1850ರಲ್ಲಿ. ಆಗ ಕುಂಭಕೋಣದ ಸರ್ಕಾರಿ ಕಾಲೇಜಿಗೆ ದಕ್ಷಿಣ ಭಾರತದಲ್ಲಿ ದೊಡ್ಡ ಹೆಸರು. ಅಲ್ಲಿ ಓದಿ ಬಿ.ಎ. ಆಗಿ 1869ರಲ್ಲಿ ಮೈಸೂರು ಸೇವೆಗೆ ಬಂದರು. ಬಂದದ್ದು ಮೇಷ್ಟ್ರಾಗಿ, ಅರಮನೆಯ ಶಾಲೆಯ ಮುಖ್ಯೋಪಾಧ್ಯಾಯರಾಗಿ. ಆಗ ಮೈಸೂರು ಇನ್ನೂ ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯಲ್ಲಿತ್ತು, ಚಾಮರಾಜ ಒಡೆಯರು ಏಳೆಂಟು ವರ್ಷದೊಳಗಿನ ಹುಡುಗ. ಆಮೇಲೆ ಮಾಧವರಾಯರು ನ್ಯಾಯ ಇಲಾಖೆ, ಕಂದಾಯ ಇಲಾಖೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿದರು. ಸರ್ಕಾರಿ ವಕೀಲರಾಗಿ ದುಡಿದರು. ನಮ್ಮ ಶಿವಮೊಗ್ಗ, ಪಕ್ಕದ ಚಿತ್ರದುರ್ಗ ಜಿಲ್ಲೆಗಳಲ್ಲೂ ಹಿರಿಯ ಅಧಿಕಾರಿಯಾಗಿ ಸೇವೆ ಸಲ್ಲಿಸಿದರು. 1890ರ ದಶಕದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಇನ್‌ಸ್ಪೆಕ್ಟರ್ ಜನರಲ್ ಆಫ್ ಪೊಲೀಸ್ ಆದರು. ಇವತ್ತು ಐ.ಜಿ. ಎಂದರೆ ಹಲವರಲ್ಲಿ ಒಬ್ಬರು. ಆಗ ಅದೇ ಅತ್ಯುನ್ನತ ಹುದ್ದೆ, ಇವತ್ತಿನ ಮಹಾನಿರ್ದೇಶಕರ ಸ್ಥಾನ.

ಆಗಿನ ಹಳ್ಳಿಗಳಲ್ಲಿ ಪೊಲೀಸ್ ಎಂದರೆ ಇವತ್ತಿನಂತೆ ಕುಂಸಿ ಠಾಣೆಯಿಂದ ಜೀಪು ಬರುವುದಲ್ಲ. ಪಟೇಲ, ತಳವಾರ, ತೋಟಿ ಇವರೇ ಊರಿನ ಕಾವಲು. ಯಾರ ಮನೆಗೆ ಯಾರು ಬಂದರು, ಸಂತೆಯಲ್ಲಿ ಯಾವ ಎತ್ತು ಯಾರ ಕೈ ಸೇರಿತು ಎಂಬುದು ತಳವಾರನ ಕಿವಿಗೆ ಬಿದ್ದು, ಪಟೇಲನ ಬಾಯಿಂದ ಕಸಬೆಗೆ ತಲುಪುತ್ತಿತ್ತು. ಇಂಥ ಸಾವಿರಾರು ಹಳ್ಳಿಗಳಿಂದ ಸುದ್ದಿ ಮೇಲೇರಿ ಕೊನೆಗೆ ಮುಟ್ಟುವ ಮೇಜು ಮಾಧವರಾಯರದು. ಹೀಗೆ ಕೆಳಗಿನಿಂದ ಬರುವ ಸುದ್ದಿ ಎಲ್ಲವೂ ತನ್ನ ಮೂಲಕವೇ ಹಾದುಹೋಗಬೇಕು ಎಂಬ ಅಭ್ಯಾಸ ಒಬ್ಬ ಅಧಿಕಾರಿಯನ್ನು ಹೇಗೆ ರೂಪಿಸುತ್ತದೆ? ಅವರ ಮುಂದಿನ ಜೀವನ ಓದುವಾಗ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಮುಂಬಯಿಯಲ್ಲಿ ಎರಡು ವರ್ಷ ಮೊದಲೇ ಹೊತ್ತಿದ ಬೆಂಕಿ, ಹುಬ್ಬಳ್ಳಿ ಧಾರವಾಡದ ಕಡೆಯಿಂದ ರೈಲು ಹತ್ತಿ ಇಳಿಯಿತು. ಸರ್ಕಾರ ಪ್ಲೇಗ್ ಕಮಿಷನರ್ ಎಂಬ ಹುದ್ದೆಗೆ ಆರಿಸಿದ್ದು ವೈದ್ಯರನ್ನಲ್ಲ, ಮಾಧವರಾಯರನ್ನು. ಅದು ಆ ಕಾಲದ ತಿಳಿವಳಿಕೆಗೆ ತಕ್ಕ ಆಯ್ಕೆ. ಮದ್ದು ಇರಲಿಲ್ಲ, ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಕಂಡುಹಿಡಿದ ಚುಚ್ಚುಮದ್ದು ಹೊಸದು, ಜನರಿಗೆ ಅದರ ಹೆಸರು ಕೇಳಿದರೇ ಹೆದರಿಕೆ. ಉಳಿದದ್ದು ತಪಾಸಣೆ, ಪ್ರತ್ಯೇಕಿಸುವುದು, ಮನೆ ತೆರವು ಮಾಡಿಸುವುದು, ರೈಲು ನಿಲ್ದಾಣದಲ್ಲಿ ಪ್ರಯಾಣಿಕರನ್ನು ತಡೆದು ನೋಡುವುದು. ಇವೆಲ್ಲ ಪೊಲೀಸರ ಕೆಲಸಗಳೇ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದೂ 1899ರಲ್ಲಿ, ಅಂದರೆ ಸರಿಯಾಗಿ ಆ ಭಯದ ನಡುವೆಯೇ.

ಈ ಕೆಲಸ ಎಷ್ಟು ಸೂಕ್ಷ್ಮವಾಗಿತ್ತು ಎಂಬುದಕ್ಕೆ ಪುಣೆಯ ಉದಾಹರಣೆ ಸಾಕು. ಅಲ್ಲಿ ಸೈನಿಕರು ಮನೆ ಹೊಕ್ಕು ತಪಾಸಣೆ ಮಾಡಿದ ರೀತಿಗೆ ಜನ ರೋಸಿಹೋಗಿ, 1897ರ ಜೂನ್ 22ರ ರಾತ್ರಿ ಚಾಫೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಗುಂಡಿಟ್ಟು ಕೊಂದರು. ಮೈಸೂರಿನಲ್ಲೂ ಎಲ್ಲವೂ ಸುಗಮವಾಗಿ ಸಾಗಲಿಲ್ಲ; ಶ್ರೀರಂಗಪಟ್ಟಣದ ಗಂಜಾಂನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಗಲಭೆಯೇ ಆಯಿತು. ಆದರೂ ಬೆಂಗಳೂರಿನಲ್ಲಿ ಆ ಪಿಡುಗಿನ ನಡುವೆ ಒಂದು ಒಳ್ಳೆಯ ಕೆಲಸ ಶುರುವಾಯಿತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಅಗಲ ರಸ್ತೆ, ಗಾಳಿ ಬೆಳಕಿನ ಮನೆ, ಚರಂಡಿ. ಇವತ್ತು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಮಲ್ಲೇಶ್ವರದ ಸಾಲುಮರಗಳ ಕೆಳಗೆ ನಡೆಯುವಾಗ ಇಲಿಗಳನ್ನು ನೆನೆಯುವುದಿಲ್ಲ ಎಂದು ಕಾಣುತ್ತದೆ! ಪ್ಲೇಗ್ ಕೆಲಸಕ್ಕಾಗಿ ಮಾಧವರಾಯರಿಗೆ ಬ್ರಿಟಿಷ್ ಸರ್ಕಾರ ಸಿ.ಐ.ಇ. ಬಿರುದು ಕೊಟ್ಟಿತು.

ನಮ್ಮ ಕಡೆಯ ಹಳಬರು ಪ್ಲೇಗಿನ ಮಾತು ಬಂದರೆ ಬಿರುದಿನ ಮಾತಾಡುತ್ತಿರಲಿಲ್ಲ. ಇಲಿ ಸತ್ತು ಬಿದ್ದ ಕೂಡಲೇ ಊರಿಗೆ ಊರೇ ಬಿಟ್ಟು ಗದ್ದೆ ಬಯಲಿನಲ್ಲಿ, ಕಾಡಿನ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದದ್ದನ್ನು ಹೇಳುತ್ತಿದ್ದರು. ಹಾಗೆ ನೋಡಿದರೆ ಸರ್ಕಾರ ಬಲವಂತದಿಂದ ಮಾಡಿಸಿದ್ದನ್ನೇ ಹಳ್ಳಿಯವರು ತಾವಾಗಿಯೇ ಮಾಡುತ್ತಿದ್ದರು. ಮೇಲಿನಿಂದ ಹೇಳಿದರೆ ಗಲಭೆ, ತಾವೇ ತಿಳಿದು ಮಾಡಿದರೆ ವಿವೇಕ. ಆಡಳಿತ ನಡೆಸುವವರಿಗೆ ಈ ವ್ಯತ್ಯಾಸ ತಿಳಿಯುವುದು ಕಷ್ಟ.

1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡರು. ಮಾಧವರಾಯರು ಕಂದಾಯ ಇಲಾಖೆಯ ಮೇಲಧಿಕಾರಿಯಾದರು. 1904ರಲ್ಲಿ ತಿರುವಾಂಕೂರಿನಿಂದ ದಿವಾನ ಹುದ್ದೆಗೆ ಕರೆ ಬಂತು, ಹೋದರು.

ತಿರುವಾಂಕೂರಿನಲ್ಲಿ ಇದ್ದದ್ದು ಎರಡೇ ವರ್ಷ. ಆದರೆ ಅಲ್ಲಿ ಅವರು ಮಾಡಿದ ಒಂದು ಕೆಲಸ ಕೇರಳದ ಇತಿಹಾಸದಲ್ಲಿ ಇಂದಿಗೂ ಉಳಿದಿದೆ. ರಂಗಾಚಾರ್ಲು ಅವರು 1881ರಲ್ಲಿ ಮೈಸೂರಿನಲ್ಲಿ ಸ್ಥಾಪಿಸಿದ ಪ್ರಜಾಪ್ರತಿನಿಧಿ ಸಭೆಯನ್ನು ಮಾಧವರಾಯರು ವರ್ಷಗಟ್ಟಲೆ ಹತ್ತಿರದಿಂದ ನೋಡಿದ್ದರು. ದಸರೆಯ ಹೊತ್ತಿಗೆ ತಾಲ್ಲೂಕು ತಾಲ್ಲೂಕಿನಿಂದ ಸದಸ್ಯರು ಮೈಸೂರಿಗೆ ಬಂದು, ರಸ್ತೆ, ಕೆರೆ, ಕಾಡು, ಕಂದಾಯದ ಅಹವಾಲುಗಳನ್ನು ದಿವಾನರ ಎದುರು ಹೇಳುವ ಸಭೆ ಅದು. ಅದರ ಮಾದರಿಯಲ್ಲೇ 1904ರಲ್ಲಿ ತಿರುವನಂತಪುರದಲ್ಲಿ ಶ್ರೀಮೂಲಂ ಪ್ರಜಾಸಭೆ ಆರಂಭವಾಯಿತು. ಆರಂಭದಲ್ಲಿ ಬಂದವರು ಭೂಮಾಲೀಕರು, ವ್ಯಾಪಾರಿಗಳು. ಆದರೆ ಒಮ್ಮೆ ತೆರೆದ ಬಾಗಿಲಿನಲ್ಲಿ ಯಾರು ಯಾರು ಒಳಗೆ ಬರುತ್ತಾರೆ ಎಂಬುದು ತೆರೆದವರ ಕೈಯಲ್ಲಿ ಇರುವುದಿಲ್ಲವಲ್ಲ. ಕೆಲವೇ ವರ್ಷಗಳಲ್ಲಿ ಅಯ್ಯನ್‌ಕಾಳಿ ಆ ಸಭೆಯ ಸದಸ್ಯರಾಗಿ ಬಂದು, ತಮ್ಮ ಜನರಿಗೆ ಭೂಮಿ ಕೊಡಿ, ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಿರಿ ಎಂದು ಕೇಳಿದರು. ಅಕ್ಷರ ಕಲಿಯಲು ಅವಕಾಶವೇ ಸಿಗದಿದ್ದ ಮನುಷ್ಯ ಮಂತ್ರಿಗಳ ಎದುರು ನಿಂತು ಶಾಲೆ ಕೇಳಿದ್ದು. ನಮ್ಮಂಥ ಸರ್ಕಾರಿ ಶಾಲೆಯ ಸಂಚಿಕೆಯಲ್ಲಿ ಈ ಸಂಗತಿ ಬರೆಯದೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ತೆರಿಗೆಯನ್ನು ದವಸದ ರೂಪದಲ್ಲಿ ಅಳೆದು ಕೊಡುವ ಹಳೆಯ ಪದ್ಧತಿಯನ್ನು ತೆಗೆದು ಹಣದಲ್ಲಿ ಕಟ್ಟುವಂತೆ ಮಾಡಿದ್ದೂ ಮಾಧವರಾಯರ ಕಾಲದಲ್ಲಿಯೇ.

ಹೀಗೆ ಹೆಸರು ಮಾಡಿ 1906ರಲ್ಲಿ ಮೈಸೂರಿಗೆ ದಿವಾನರಾಗಿ ಮರಳಿದರು. ಸೇವೆಗೆ ಸೇರಿ ಮೂವತ್ತೇಳು ವರ್ಷವಾಗಿತ್ತು. ಮರುವರ್ಷವೇ, 1907ರಲ್ಲಿ, ನ್ಯಾಯವಿಧಾಯಕ ಸಭೆ ಹುಟ್ಟಿತು. ಪ್ರಜಾಪ್ರತಿನಿಧಿ ಸಭೆಯಲ್ಲಿ ಅಹವಾಲು ಹೇಳಬಹುದಿತ್ತು, ಕಾನೂನು ಮಾಡುವಂತಿರಲಿಲ್ಲ. ಕಾನೂನಿನ ಕರಡನ್ನು ಚರ್ಚಿಸಲೆಂದೇ ಈ ಹೊಸ ಸಭೆ. ಸದಸ್ಯರು ಬೆರಳೆಣಿಕೆಯಷ್ಟು, ಬಹುಪಾಲು ಸರ್ಕಾರವೇ ನೇಮಿಸಿದವರು, ಅಧ್ಯಕ್ಷರು ಸ್ವತಃ ದಿವಾನರು. ಆಯವ್ಯಯ ಚರ್ಚಿಸುವ ಹಕ್ಕು ಬಂದದ್ದು ಮುಂದೆ ವಿಶ್ವೇಶ್ವರಯ್ಯನವರ ಕಾಲದಲ್ಲಿ. ಆದರೂ ನಮ್ಮ ವಿಧಾನ ಪರಿಷತ್ತು ತನ್ನ ಹುಟ್ಟನ್ನು ಲೆಕ್ಕ ಹಾಕುವುದು ಆ 1907ರಿಂದಲೇ. ಶಿಕ್ಷಕರ ಕ್ಷೇತ್ರ, ಪದವೀಧರರ ಕ್ಷೇತ್ರ ಎಂದು ನಾವು ಮತ ಹಾಕಿ ಕಳಿಸುವ ಸದನದ ಬೇರು ಹೀಗೆ ಒಬ್ಬ ಮಾಜಿ ಪೊಲೀಸ್ ಅಧಿಕಾರಿಯ ದಿವಾನಗಿರಿಯಲ್ಲಿದೆ.

ಇಲ್ಲಿಗೇ ನಿಲ್ಲಿಸಿದ್ದರೆ ಮಾಧವರಾಯರು ಪಾಠಪುಸ್ತಕದಲ್ಲಿ ಸುಖವಾಗಿ ಇರುತ್ತಿದ್ದರೇನೋ. ಆದರೆ ಮರುವರ್ಷ 1908.

ಆ ವರ್ಷದ ಹವೆಯನ್ನು ನೆನಪಿಸಿಕೊಳ್ಳಬೇಕು. ಬಂಗಾಳ ಒಡೆದು ಮೂರು ವರ್ಷ ಆಗಿತ್ತು. ಏಪ್ರಿಲ್ 30ರಂದು ಮುಜಫರ್‌ಪುರದಲ್ಲಿ ಬಾಂಬು ಬಿತ್ತು. ಜೂನಿನಲ್ಲಿ ಬ್ರಿಟಿಷ್ ಸರ್ಕಾರ ಪತ್ರಿಕೆಗಳನ್ನು ಹಿಡಿಯಲು ಹೊಸ ಕಾಯಿದೆ ತಂದಿತು. ಜುಲೈನಲ್ಲಿ ತಿಲಕರಿಗೆ 'ಕೇಸರಿ'ಯ ಲೇಖನಗಳಿಗಾಗಿ ಆರು ವರ್ಷ ಶಿಕ್ಷೆಯಾಯಿತು. ಅವರನ್ನು ಮಾಂಡಲೆಗೆ ಸಾಗಿಸಿದರು. ಬ್ರಿಟಿಷರ ಕಾಯಿದೆ ದೇಶೀ ಸಂಸ್ಥಾನಗಳಿಗೆ ನೇರವಾಗಿ ತಾಗದು. ಮದರಾಸಿನಲ್ಲಿ ಅಚ್ಚು ಮಾಡಲಾಗದ ಮಾತನ್ನು ಬೆಂಗಳೂರಿನಲ್ಲಿ ಅಚ್ಚು ಮಾಡಿದರೆ? ಈ ಆತಂಕ ಅವರಿಗಿತ್ತು. ಮೈಸೂರಿನ ಮೇಲೆ ಕಣ್ಣಿಡಲು ರೆಸಿಡೆಂಟರು ಬೆಂಗಳೂರಿನಲ್ಲೇ ಇದ್ದರು. 1881ರಲ್ಲಿ ರಾಜ್ಯ ಮರಳಿ ಕೊಟ್ಟಾಗಲೇ ನೂರೆಂಟು ಷರತ್ತು ಹಾಕಿದ್ದರು. ಹೀಗಾಗಿ ಒತ್ತಡ ಇತ್ತು, ನಿಜ. ಒತ್ತಡ ಒಂದೇ ಇತ್ತು ಎಂದರೆ ಸುಳ್ಳಾಗುತ್ತದೆ. ಮೈಸೂರಿನ ಪತ್ರಿಕೆಗಳು ದಿವಾನರನ್ನೂ ಅಧಿಕಾರಿಗಳನ್ನೂ ಬಿಡದೆ ಟೀಕಿಸುತ್ತಿದ್ದವು. ದೊಡ್ಡ ಹುದ್ದೆಗಳೆಲ್ಲ ಮದರಾಸು ಕಡೆಯವರಿಗೇ ಹೋಗುತ್ತಿವೆ, ಮೈಸೂರು ಮೈಸೂರಿನವರಿಗೆ ಬೇಡವೇ ಎಂಬ ವಾದ ಜೋರಾಗಿತ್ತು. ಕುಂಭಕೋಣದಲ್ಲಿ ಹುಟ್ಟಿದ ದಿವಾನರಿಗೆ ಇದು ಹಿತವಾಗಿ ಕೇಳಿರಲಾರದು.

1908ರ ಮೈಸೂರು ಪತ್ರಿಕಾ ಕಾಯಿದೆಯ ತಿರುಳು ಇಷ್ಟು. ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ಹೊರಡಿಸುವಂತಿಲ್ಲ. ಕೊಟ್ಟ ಅನುಮತಿಯನ್ನು ಸರ್ಕಾರ ಹಿಂದಕ್ಕೆ ಪಡೆಯಬಹುದು. ಸಂಪಾದಕನನ್ನು ಸಂಸ್ಥಾನದಿಂದಲೇ ಹೊರಹಾಕಬಹುದು. ಬರೆದದ್ದು ತಪ್ಪೋ ಸರಿಯೋ ಎಂದು ನ್ಯಾಯಾಲಯ ವಿಚಾರಿಸಿ ಹೇಳುವವರೆಗೆ ಕಾಯಬೇಕಿಲ್ಲ, ಸರ್ಕಾರದ ಆಜ್ಞೆಯೇ ಸಾಕು. ಅಪರಾಧ ನಡೆದ ಮೇಲೆ ಶಿಕ್ಷಿಸುವುದು ನ್ಯಾಯಾಧೀಶನ ದಾರಿ. ನಡೆಯುವ ಮೊದಲೇ ಅನುಮಾನದ ಮೇಲೆ ತಡೆಯುವುದು ಪೊಲೀಸನ ದಾರಿ. ಈ ಕಾಯಿದೆಯಲ್ಲಿ ಎರಡನೆಯದರ ನೆರಳೇ ದಟ್ಟವಾಗಿ ಕಾಣುತ್ತದೆ ಎಂದು ನನ್ನ ಅಭಿಪ್ರಾಯ. ಬ್ರಿಟಿಷ್ ಇಂಡಿಯಾದಲ್ಲಿ ತಿಲಕರಂಥವರಿಗೂ ಒಂದು ವಿಚಾರಣೆ, ಒಂದು ಜ್ಯೂರಿ, ತಮ್ಮ ಪರವಾಗಿ ದಿನಗಟ್ಟಲೆ ವಾದಿಸುವ ಅವಕಾಶವಾದರೂ ಸಿಕ್ಕಿತ್ತು.

ಈ ಕಾಯಿದೆಗೆ ಎದುರು ನಿಂತವರಲ್ಲಿ ಮುಖ್ಯರು ಮೈಸೂರಿನ ಎಂ. ವೆಂಕಟಕೃಷ್ಣಯ್ಯನವರು, ಜನರ ಬಾಯಲ್ಲಿ 'ತಾತಯ್ಯ'. ಅವರೂ ಹೆಡ್‌ಮಾಸ್ಟರರೇ. ಮರಿಮಲ್ಲಪ್ಪನವರ ದಾನದಿಂದ ಮೈಸೂರಿನಲ್ಲಿ ಹುಟ್ಟಿದ ಶಾಲೆಯನ್ನು ದಶಕಗಟ್ಟಲೆ ನಡೆಸಿದವರು, ಬಡ ವಿದ್ಯಾರ್ಥಿಗಳ ಊಟ, ಫೀಜು, ಪುಸ್ತಕಕ್ಕೆ ಓಡಾಡಿದವರು. 1844ರಲ್ಲಿ ಹುಟ್ಟಿದವರು, ಅಂದರೆ ಮಾಧವರಾಯರಿಗಿಂತ ಆರು ವರ್ಷ ದೊಡ್ಡವರು. ಪ್ರಜಾಪ್ರತಿನಿಧಿ ಸಭೆಯ ಸದಸ್ಯರಾಗಿ ಎದ್ದು ಮಾತಾಡುತ್ತಿದ್ದರು. ಸಭೆಯಲ್ಲಿ ಹೇಳಿ ಮುಗಿಯದ್ದನ್ನು ಪತ್ರಿಕೆಯಲ್ಲಿ ಬರೆಯುತ್ತಿದ್ದರು. ಅವರ 'ವೃತ್ತಾಂತ ಚಿಂತಾಮಣಿ' 1885ರಿಂದ ನಡೆದು ಬಂದಿತ್ತು. 1908ರಲ್ಲಿ ಅವರು ಅನುಮತಿ ಕೇಳುತ್ತ ನಿಲ್ಲಲಿಲ್ಲ, ಪತ್ರಿಕೆಯನ್ನೇ ನಿಲ್ಲಿಸಿದರು. ಇಪ್ಪತ್ತಮೂರು ವರ್ಷ ಬೆವರು ಸುರಿಸಿ ಬೆಳೆಸಿದ್ದನ್ನು ತಮ್ಮ ಕೈಯಿಂದಲೇ ಮುಚ್ಚಿದರು. ಅವರೊಬ್ಬರೇ ಅಲ್ಲ, ಆ ಕಾಯಿದೆಯ ಬಿಸಿಗೆ ಸಂಸ್ಥಾನದ ಇನ್ನೂ ಕೆಲವು ಪತ್ರಿಕೆಗಳು ನಿಂತುಹೋದವು.

ಇಬ್ಬರೂ ಮೇಷ್ಟ್ರುಗಿರಿಯಿಂದ ಬಂದವರು, ಇಬ್ಬರೂ ನಿಷ್ಠರು, ಇಬ್ಬರಿಗೂ ಮಹಾರಾಜರ ಮೇಲೆ ಭಕ್ತಿ. ಒಬ್ಬರು ಶಾಲೆಯಲ್ಲೇ ಉಳಿದರು, ಇನ್ನೊಬ್ಬರು ಶಾಲೆಯಿಂದ ಕಚೇರಿಗೆ, ಕಚೇರಿಯಿಂದ ಪೊಲೀಸಿಗೆ, ಅಲ್ಲಿಂದ ದಿವಾನ ಪಟ್ಟಕ್ಕೆ ಹೋದರು. ಶಾಲೆಯಲ್ಲೇ ಉಳಿದವರಿಗೆ ದಿನಾ ಪ್ರಶ್ನೆ ಕೇಳಿಸಿಕೊಳ್ಳುವ ಅಭ್ಯಾಸ. ಕೈ ಎತ್ತಿ ಕೇಳುವವನೂ ಇರುತ್ತಾನೆ, ಹಿಂದಿನ ಬೆಂಚಿನಿಂದ ಕೂಗುವವನೂ ಇರುತ್ತಾನೆ. ಕೂಗಿದವನನ್ನು ಶಾಲೆಯಿಂದಲೇ ಕಳಿಸಿಬಿಟ್ಟರೆ ತರಗತಿ ನಿಶ್ಶಬ್ದವಾಗುತ್ತದೆ ಎಂಬುದು ಎಲ್ಲ ಮೇಷ್ಟ್ರಿಗೂ ಗೊತ್ತು. ಹಾಗೆ ಮಾಡಬಾರದು ಎಂಬುದೂ ಗೊತ್ತು.

ಒಬ್ಬನೇ ಮನುಷ್ಯ 1904ರಲ್ಲಿ ಒಂದು ಸಭೆ, 1907ರಲ್ಲಿ ಇನ್ನೊಂದು ಸಭೆ ತೆರೆದು 1908ರಲ್ಲಿ ಪತ್ರಿಕೆಗಳ ಬಾಯಿ ಕಟ್ಟಿದ್ದು ಹೇಗೆ? ಇದನ್ನು ಎರಡು ಮುಖ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅವರ ದೃಷ್ಟಿಯಲ್ಲಿ ಎರಡೂ ಒಂದೇ. ಜನರ ಮಾತು ಸರ್ಕಾರಕ್ಕೆ ತಲುಪಬೇಕು, ಇದನ್ನು ಅವರು ಮನಸಾರೆ ಒಪ್ಪಿದ್ದರು. ಆದರೆ ಅದು ಸರಿಯಾದ ದಾರಿಯಲ್ಲಿ, ಗೊತ್ತಾದ ದಿನ, ಗೊತ್ತಾದ ಸದಸ್ಯನ ಬಾಯಿಂದ, ಅಧ್ಯಕ್ಷ ಪೀಠದ ಎದುರು ಬರಬೇಕು. ಪ್ರಜಾಪ್ರತಿನಿಧಿ ಸಭೆ ಆ ದಾರಿ. ಪತ್ರಿಕೆಗೆ ಸದಸ್ಯತ್ವವಿಲ್ಲ, ದಿನ ಗೊತ್ತಿಲ್ಲ. ಅದು ದಿವಾನರಿಗಿಂತ ಮೊದಲು ಸಂತೆಯಲ್ಲಿ ಓದಿಸಿಕೊಂಡುಬಿಡುತ್ತದೆ. ತಳವಾರನಿಂದ ಪಟೇಲ, ಪಟೇಲನಿಂದ ಕಸಬೆ ಎಂದು ಸುದ್ದಿ ಮೇಲೇರಿ ಬರುವುದನ್ನು ಕಂಡಿದ್ದ ಅಧಿಕಾರಿಗೆ ಅಡ್ಡಡ್ಡಲಾಗಿ ಹರಡುವ ಸುದ್ದಿ ಸಹಿಸಲು ಆಗಲಿಲ್ಲ. ಇದು ಕೆಟ್ಟತನವಲ್ಲ. ಆದರೆ ಅಷ್ಟು ದೊಡ್ಡ ಅಧಿಕಾರ ಕೈಯಲ್ಲಿದ್ದಾಗ ಕೆಟ್ಟತನಕ್ಕಿಂತ ಇದರಿಂದ ಆಗುವ ಹಾನಿ ಹೆಚ್ಚು, ಏಕೆಂದರೆ ಮಾಡುವವರಿಗೆ ಅದು ಕರ್ತವ್ಯದಂತೆಯೇ ತೋರುತ್ತದೆ.

ಅವರೊಬ್ಬರ ಮೇಲೇ ಎಲ್ಲ ಹೊರೆ ಹೊರಿಸುವುದೂ ನ್ಯಾಯವಲ್ಲ. ಮಿರ್ಜಾ ಇಸ್ಮಾಯಿಲರೂ 1905ರಲ್ಲಿ ಸೇವೆ ಆರಂಭಿಸಿದ್ದು ಅಸಿಸ್ಟೆಂಟ್ ಸೂಪರಿಂಟೆಂಡೆಂಟ್ ಆಫ್ ಪೊಲೀಸ್ ಆಗಿ. ಬೇಗನೆ ಅರಮನೆಯ ಕೆಲಸಕ್ಕೆ ಹೋದರು. ಅವರ ದಿವಾನಗಿರಿಯಲ್ಲಿ 1938ರಲ್ಲಿ ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಪೊಲೀಸ್ ಇಲಾಖೆಯ ಮುಖವನ್ನೇ ನೋಡದ ದಿವಾನರ ಕಾಲದಲ್ಲೂ ಪತ್ರಿಕೆಗಳಿಗೆ ಕಷ್ಟ ತಪ್ಪಲಿಲ್ಲ.

ಮಾಧವರಾಯರು 1909ರ ಮಾರ್ಚ್ 31ರಂದು ಮೈಸೂರು ಬಿಟ್ಟರು. ಮುಂದಿನ ವರ್ಷ ಸಯಾಜಿರಾವ್ ಗಾಯಕವಾಡರು ಅವರನ್ನು ಬರೋಡಕ್ಕೆ ಕರೆಸಿಕೊಂಡರು. 1911ರ ದೆಹಲಿ ದರ್ಬಾರಿನಲ್ಲಿ ಸಯಾಜಿರಾಯರು ಚಕ್ರವರ್ತಿಗೆ ಸರಿಯಾಗಿ ಬಗ್ಗಿ ನಮಸ್ಕರಿಸಲಿಲ್ಲ ಎಂದು ದೊಡ್ಡ ರಾದ್ಧಾಂತವಾಯಿತಲ್ಲ, ಆಗ ಬರೋಡದ ದಿವಾನರು ಇವರೇ. ಬ್ರಿಟಿಷರು ಒಬ್ಬ ಮಹಾರಾಜನನ್ನು ಒಂದು ನಮಸ್ಕಾರಕ್ಕಾಗಿ ಎಷ್ಟು ಹಣ್ಣು ಮಾಡಬಲ್ಲರು ಎಂಬುದನ್ನು ಅವರು ಹತ್ತಿರದಿಂದ ಕಂಡರು. ಅದಾದ ಒಂದೆರಡು ವರ್ಷಕ್ಕೆ ಅಲ್ಲಿಂದಲೂ ಬಿಡುಗಡೆ ಪಡೆದರು. ಮೂರು ಸಂಸ್ಥಾನಗಳ ದಿವಾನಗಿರಿ ಮುಗಿದಿತ್ತು, ವಯಸ್ಸು ಅರವತ್ತು ದಾಟಿತ್ತು. ಮನೆಯಲ್ಲಿ ಕುಳಿತು ಪಿಂಚಣಿ ತಿನ್ನಬಹುದಿತ್ತು.

ಕುಳಿತುಕೊಳ್ಳಲಿಲ್ಲ, ಕಾಂಗ್ರೆಸ್ ಸೇರಿದರು. 1919ರಲ್ಲಿ ಮಾಂಟೆಗ್ಯು ಸುಧಾರಣೆಗಳ ಬಗ್ಗೆ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಎದುರು ಭಾರತದ ಅಹವಾಲು ಹೇಳಲು ಕಾಂಗ್ರೆಸ್ಸು ಒಂದು ನಿಯೋಗ ಕಳಿಸಿತು. ವಿಠ್ಠಲಭಾಯಿ ಪಟೇಲರು ಇದ್ದ ಆ ನಿಯೋಗದಲ್ಲಿ ಮಾಧವರಾಯರೂ ಇದ್ದರು. ಅದೇ ಹೊತ್ತಿನಲ್ಲಿ ಲಂಡನ್ನಿನಲ್ಲಿದ್ದು ಆ ಸಮಿತಿಯ ಎದುರು ಹೇಳಿಕೆ ಕೊಟ್ಟ ಇನ್ನೊಬ್ಬರು ಬಾಲ ಗಂಗಾಧರ ತಿಲಕರು. ಹನ್ನೊಂದು ವರ್ಷದ ಹಿಂದೆ ತಿಲಕರು ಲೇಖನ ಬರೆದು ಜೈಲಿಗೆ ಹೋದ ವರ್ಷದಲ್ಲೇ ಮೈಸೂರಿನ ಪತ್ರಿಕೆಗಳಿಗೆ ಬೀಗ ಹಾಕಿದವರು ಈಗ ತಿಲಕರ ಪಕ್ಷದಲ್ಲಿ ನಿಂತು, ಸಮುದ್ರ ದಾಟಿ ಅಹವಾಲು ಹೇಳುತ್ತಿದ್ದರು. ಅಹವಾಲು ಕೇಳುವ ಕುರ್ಚಿಯಲ್ಲಿ ಅಷ್ಟು ವರ್ಷ ಕುಳಿತವರಿಗೆ ಹೇಳುವ ಕಡೆ ನಿಲ್ಲುವುದು ಹೊಸ ಅನುಭವ ಆಗಿರಬೇಕು.

ಮರುವರ್ಷ ಧಾರವಾಡ. 1920ರಲ್ಲಿ ಅಲ್ಲಿ ಮೊದಲ ಕರ್ನಾಟಕ ರಾಜಕೀಯ ಪರಿಷತ್ತು ಸೇರಿತು. ಆಗ ಕನ್ನಡ ನಾಡು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಮುಂಬಯಿ ಪ್ರಾಂತದ ಧಾರವಾಡದವರು ಅಧ್ಯಕ್ಷರನ್ನಾಗಿ ಕರೆದದ್ದು ಮೈಸೂರಿನ ಈ ಮಾಜಿ ದಿವಾನರನ್ನು. ಧಾರವಾಡದಲ್ಲಿ ಕನ್ನಡದ ಕೆಲಸ ಹೊತ್ತು ತಿರುಗುತ್ತಿದ್ದವರು ಯಾರು ನೋಡಿ: ಆಲೂರು ವೆಂಕಟರಾಯರು 'ವಾಗ್ಭೂಷಣ'ದ ಸಂಪಾದಕರಾಗಿದ್ದವರು, ಮುದವೀಡು ಕೃಷ್ಣರಾಯರು 'ಕರ್ನಾಟಕ ವೃತ್ತ'ದವರು. ಪತ್ರಿಕೆಯವರೇ ಬೆಳೆಸಿದ ಚಳವಳಿಗೆ ಮಾಧವರಾಯರು ಅಧ್ಯಕ್ಷರು! ತಮಿಳು ಸೀಮೆಯಲ್ಲಿ ಹುಟ್ಟಿದ, ಮನೆಯಲ್ಲಿ ಮರಾಠಿ ಆಡುವ, ಎಪ್ಪತ್ತು ವರ್ಷದ ಮನುಷ್ಯನ ಅಧ್ಯಕ್ಷತೆಯಲ್ಲಿ ಕನ್ನಡಿಗರೆಲ್ಲ ಒಂದೇ ಪ್ರಾಂತದಲ್ಲಿ ಇರಬೇಕೆಂಬ ಬೇಡಿಕೆಗೆ ಬಲ ಬಂತು. ಮೈಸೂರಿನ ಜನಕ್ಕೆ ಒಂದು ಕಾಲದಲ್ಲಿ 'ಹೊರಗಿನವರು' ಆಗಿದ್ದವರು ಇವರೇ.

ಆ ಡಿಸೆಂಬರಿನಲ್ಲಿ ನಾಗಪುರದಲ್ಲಿ ಕಾಂಗ್ರೆಸ್ ಅಧಿವೇಶನ. ಕರ್ನಾಟಕದಿಂದ ಸುಮಾರು 800 ಪ್ರತಿನಿಧಿಗಳು ಹೋದರು. ಭಾಷೆಗೊಂದು ಪ್ರಾಂತೀಯ ಸಮಿತಿ ಇರಬೇಕು ಎಂದು ಕಾಂಗ್ರೆಸ್ ಒಪ್ಪಿದ್ದು ಅಲ್ಲಿಯೇ, ಕರ್ನಾಟಕಕ್ಕೆ ಪ್ರತ್ಯೇಕ ಸಮಿತಿ ಬಂದದ್ದೂ ಅಲ್ಲಿಂದಲೇ. ಗಂಗಾಧರರಾವ್ ದೇಶಪಾಂಡೆಯವರು ಅದರ ಮೊದಲ ಅಧ್ಯಕ್ಷರಾದರು. 1956ರ ನವೆಂಬರ್ 1ರಂದು ನಮ್ಮ ಶಿವಮೊಗ್ಗವೂ ಧಾರವಾಡವೂ ಒಂದೇ ರಾಜ್ಯಕ್ಕೆ ಸೇರಿದಾಗ ಮಾಧವರಾಯರು ಇರಲಿಲ್ಲ. ನವೆಂಬರಿನ ಭಾಷಣಗಳಲ್ಲಿ ಏಕೀಕರಣದ ಹಿರಿಯರ ಹೆಸರು ಹೇಳುವಾಗ ಅವರ ಹೆಸರು ಬರುವುದೂ ಅಪರೂಪ.

ನಮ್ಮ ಶಾಲೆಯಲ್ಲಿ ಓದಿದ ಹಲವರು ಪೊಲೀಸ್ ಇಲಾಖೆಯಲ್ಲಿದ್ದಾರೆ, ಕೆಲವರು ಪತ್ರಿಕೆಗಳಲ್ಲಿದ್ದಾರೆ, ಪಂಚಾಯಿತಿಯಿಂದ ಮೇಲಕ್ಕೆ ರಾಜಕೀಯಕ್ಕೆ ಹೋದವರೂ ಇದ್ದಾರೆ. ಈ ಮೂರೂ ಕಡೆಯವರು ಒಂದೇ ಬೆಂಚಿನಲ್ಲಿ ಕುಳಿತು ಓದಿದವರು ಎಂಬ ಕಾರಣಕ್ಕೇ ಈ ಸಂಚಿಕೆಗೆ ನಾನು ಈ ವಿಷಯ ಆರಿಸಿಕೊಂಡೆ. ಪಾಠಪುಸ್ತಕದ ಹೊಸ ಮುದ್ರಣ ಮಾಡುವವರು ಯಾರಾದರೂ ಇದನ್ನು ಓದಿದರೆ, 1907 ಮತ್ತು 1908 ಎರಡನ್ನೂ ಒಂದೇ ಪುಟದಲ್ಲಿ ಹಾಕಲಿ. ಒಂದನ್ನು ಬಿಟ್ಟು ಇನ್ನೊಂದನ್ನು ಹಾಕಿದರೆ ಮಾಧವರಾಯರಿಗೂ ಅನ್ಯಾಯ, ತಾತಯ್ಯನವರಿಗೂ ಅನ್ಯಾಯ.

ತಾತಯ್ಯನವರು 1933ರಲ್ಲಿ ತೀರಿಕೊಂಡರು. ಮಾಧವರಾಯರು ಅದರ ಮರುವರ್ಷ.